‘ಬೇಡ’ ಎನ್ನುವುದನ್ನು ಕಲಿಯಲು ಪಿಟ್ಸ್‌ಬರ್ಗಿಗೆ

ಈ ಬರಹದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ಅದು ನೀಲಿಯೋ ಹಸಿರೋ ನನಗೆ ಈಗ ಖಚಿತವಿಲ್ಲ. ಡೈರಿಯಲ್ಲಿ ನೀಲಿ ಎಂದು ಬರೆದಿದ್ದೇನೆ. ಫೋನಿನ ಫೋಟೋದಲ್ಲಿ ಹಸಿರಾಗಿದೆ. ನೆನಪಿನಲ್ಲಿ ಅದಕ್ಕೆ ಒಂದು ಕಾಲು ಮುರಿದಿದೆ, ಆ ಮುರಿದ ಕಾಲಿಗೆ ಡೈರಿಯಲ್ಲೂ ಸಾಕ್ಷಿಯಿಲ್ಲ, ಫೋಟೋದಲ್ಲೂ ಇಲ್ಲ. ಊರಿಗೆ ಬಂದವರು ಒಂದೇ ಕಥೆಯನ್ನು ನಾಲ್ಕು ಮನೆಗಳಲ್ಲಿ ಹೇಳುವಷ್ಟರಲ್ಲಿ ಅದು ತಾನಾಗಿಯೇ ಉಪ್ಪು ಖಾರ ಹಾಕಿಕೊಳ್ಳುತ್ತದೆ. ನಾನು ನಾಲ್ಕಕ್ಕಿಂತ ಹೆಚ್ಚು ಮನೆಗಳಲ್ಲಿ ಹೇಳಿದ್ದೇನೆ. ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು.

ನಮ್ಮ ಅತ್ತೆಯ ವಿಷಯ ಬಂದಾಗ ಮಾತ್ರ ಅನುಮಾನ ಬೇಡ. ಅದನ್ನು ಇದುವರೆಗೆ ಯಾರ ಮನೆಯಲ್ಲೂ ಹೇಳಿಲ್ಲ.

ರಾಮನಗರ

ನಾನು ಅರಿವಳಿಕೆ ವೈದ್ಯೆ. ಶಸ್ತ್ರಚಿಕಿತ್ಸೆಗೆ ಮೊದಲು ಜನರನ್ನು ಮಲಗಿಸುವುದು, ಮುಗಿದ ಮೇಲೆ ಎಬ್ಬಿಸುವುದು ನನ್ನ ಕೆಲಸ. ಎಬ್ಬಿಸಿದ ಮೇಲೆ ಅವರಿಗೆ ನೋವಾದರೆ ಅದನ್ನು ನೋಡಿಕೊಳ್ಳುವುದೂ ನನ್ನ ಕೆಲಸವೇ ಎಂದು ಆಸ್ಪತ್ರೆಗಳು ಇತ್ತೀಚೆಗೆ ಒಪ್ಪಿಕೊಳ್ಳತೊಡಗಿವೆ. ರಾಮನಗರದ ನಮ್ಮ ಟ್ರಸ್ಟ್ ಆಸ್ಪತ್ರೆಯೂ ಒಪ್ಪಿಕೊಂಡಿತು, ಒಪ್ಪಿಕೊಂಡದ್ದಕ್ಕೆ ‘ನೋವು ನಿವಾರಣಾ ವಿಭಾಗ’ ಎಂಬ ಬೋರ್ಡು ಹಾಕಿಸಿತು. ಬೋರ್ಡಿನ ಹಿಂದೆ ಒಂದು ಕೋಣೆ. ಕೋಣೆಯಲ್ಲಿ ಒಂದು ಬೀರು. ಬೀರುವಿಗೆ ಎರಡು ಬೀಗ. ಒಳಗೆ ಮಾರ್ಫೀನ್ ಮಾತ್ರೆ.

ಒಂದು ಕೀಲಿ ಔಷಧ ವಿಭಾಗದಲ್ಲಿರುತ್ತದೆ. ಇನ್ನೊಂದು ಆಡಳಿತಾಧಿಕಾರಿಗಳ ಬಳಿ. ಅವರು ಬೆಂಗಳೂರಿನಿಂದ ದಿನಾ ಓಡಾಡುವವರು, ಜವಾಬ್ದಾರಿಯ ಮನುಷ್ಯರು. ಕೀಲಿಯನ್ನು ಯಾರ ಕೈಗೂ ಕೊಡದೆ ಜೇಬಿನಲ್ಲಿಟ್ಟುಕೊಂಡೇ ಸಂಜೆಯ ರೈಲು ಹತ್ತುತ್ತಾರೆ. ಅವರು ಕೆಂಗೇರಿ ದಾಟುವ ಹೊತ್ತಿಗೆ ರಾಮನಗರದ ನೋವೂ ಅವರ ಹಿಂದೆಯೇ ಬೆಂಗಳೂರು ಸೇರುತ್ತದೆ ಎಂದು ನಾವು ಭಾವಿಸಬೇಕು.

ಹಾಗೆಂದು ಹಗಲಿನಲ್ಲಿ ಆ ಬೀರುವಿನ ಮುಂದೆ ಜನ ಸಾಲುಗಟ್ಟುತ್ತಿದ್ದರು ಎಂದಲ್ಲ. ಬರೆದುಕೊಡಲು ವೈದ್ಯರು ಹೆದರುತ್ತಾರೆ, ಬರೆದುಕೊಟ್ಟರೆ ಮನೆಯವರು ಹೆದರುತ್ತಾರೆ. ಅಫೀಮಿನಿಂದ ಬಂದ ಮದ್ದು ಎಂದು ಯಾರೋ ಹೇಳಿರುತ್ತಾರೆ. ಮೊದಲು ತರಿಸಿದ ಮಾತ್ರೆಗಳು ಎರಡು ಬೀಗದ ಹಿಂದೆ ಯಾರ ನೋವನ್ನೂ ಮುಟ್ಟದೆ ವಾಯಿದೆ ಮುಗಿಸಿಕೊಂಡವು. ಹೊಸದನ್ನು ತರಿಸಿ, ಅವಕ್ಕೂ ಬೀಗ ಹಾಕಿದೆವು.

ಇಂಥ ಹೊತ್ತಿನಲ್ಲಿ ಅಮೆರಿಕದಿಂದ ಆಹ್ವಾನ ಬಂತು. ಅಫೀಮಿನ ವರ್ಗದ ನೋವುಮದ್ದುಗಳನ್ನು ಎಚ್ಚರಿಕೆಯಿಂದ ಬರೆದುಕೊಡುವುದು ಹೇಗೆ ಎಂದು ವೈದ್ಯರಿಗೆ ಕಲಿಸುವ ಕೆಲವು ದಿನಗಳ ತರಬೇತಿ. ಊರು ಪಿಟ್ಸ್‌ಬರ್ಗ್.

ಆಡಳಿತಾಧಿಕಾರಿಗಳು ಕರೆದು, “ಡಾಕ್ಟ್ರೇ, ನಿಮ್ಮ ಪಾಸ್‌ಪೋರ್ಟು ವೀಸಾ ಎರಡೂ ಚಾಲ್ತಿಯಲ್ಲಿದೆಯಾ?” ಎಂದು ಕೇಳಿದರು.

ಅಮೆರಿಕದಲ್ಲಿರುವ ಅಣ್ಣನ ಮಗಳ ಮದುವೆಗೆ ಮಾಡಿಸಿದ್ದ ವೀಸಾ ಇತ್ತು. “ಇದೆ ಸರ್” ಅಂದೆ.

“ಹಾಗಾದ್ರೆ ನೀವೇ ತಜ್ಞರು. ಹೋಗ್ಬನ್ನಿ. ಸರ್ಟಿಫಿಕೇಟ್ ಮರೀಬೇಡಿ. ಇನ್‌ಸ್ಪೆಕ್ಷನ್‌ಗೆ ಬರ್ತಾರೆ, ಫ್ರೇಮ್ ಹಾಕಿಸಿ ತೂಗಾಕ್ಬೇಕು.”

ನಾನು ತಜ್ಞೆಯಾದದ್ದು ಹೀಗೆ.

ಕುದೂರು, ಹೊರಡುವ ಮುನ್ನ

ಮಾಗಡಿ ತಾಲ್ಲೂಕಿನ ಕುದೂರಿನ ಪಕ್ಕ ನಮ್ಮ ಸೋದರತ್ತೆಯ ಮನೆ. ಅಪ್ಪನ ಅಕ್ಕ ಪುಟ್ಟತಾಯಮ್ಮ. ಎದೆಯಲ್ಲಿದ್ದ ಗಡ್ಡೆ ತೆಗೆಸಿ, ವಾಸಿಯಾಯಿತು ಎಂದುಕೊಂಡಿದ್ದಾಗ ಅದು ಸೊಂಟದ ಮೂಳೆಗೆ ಇಳಿಯಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದ್ದರು. ಮಗ ರೇವಣ್ಣ ಹಾಗೆಯೇ ನೋಡಿಕೊಳ್ಳುತ್ತಿದ್ದ. ಅವನು ನನಗೆ ಬಾವನಾಗಬೇಕು. ರಾಗಿ ಬೆಳೆಯುತ್ತಾನೆ, ಕುರಿ ಸಾಕುತ್ತಾನೆ. ಅವ್ವನ ತಲೆ ಬಾಚುವುದೂ ಅವನೇ, ಬೈಸಿಕೊಳ್ಳುವುದೂ ಅವನೇ.

“ಬತ್ತು ನೋಡಪ್ಪ ಅಮೇರಿಕ” ಎಂದು ನನ್ನನ್ನು ಕಂಡೊಡನೆ ಶುರುಮಾಡಿದ. “ನನ್ನ ಮದ್ವೆ ಆಗಿದ್ರೆ ಇವತ್ತು ಕುರಿಗೆ ಇಂಜೆಕ್ಸನ್ ಹಾಕ್ಕಂಡು ನೆಮ್ಮದಿಯಾಗಿರ್ತಿದ್ದೆ ಕಣಮ್ಮಿ.”

“ನಿನ್ನ ಮದ್ವೆ ಆಗಿದ್ರೆ ಮೊದಲು ನಿಂಗೇ ಹಾಕ್ತಿದ್ದೆ ಬಾವ. ಅತ್ತೆ ಹೆಂಗವಳೆ?”

“ಚೆಂದಾಗವಳೆ. ಒಸಿ ನೋವೈತೆ. ಮಾತ್ರೆ ನುಂಗ್‌ಬುಟ್ರೆ ಸರ್ಯೋಯ್ತದೆ.”

ಅತ್ತೆ ಹಗ್ಗದ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಮಲಗಿರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಕಚ್ಚಿ ಸೆರಗಿನ ತುದಿ ಬಲೆಯಂತಾಗಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು, ಸೆರಗನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ತರಬೇತಿಯವರು ಮೊದಲೇ ಕಳಿಸಿದ್ದ ಪಾಠದಲ್ಲಿ ಮುಖಗಳ ಒಂದು ಹಾಳೆ ಇತ್ತು. ಎಡಗಡೆಯಲ್ಲಿ ನಗುವ ಮುಖ, ಬಲಕ್ಕೆ ಹೋದ ಹಾಗೆಲ್ಲ ಸಪ್ಪಗಾಗಿ, ಕೊನೆಯದು ಕಣ್ಣೀರು ಸುರಿಸುವ ಮುಖ. ರೋಗಿ ತನ್ನ ನೋವಿಗೆ ತಕ್ಕ ಮುಖವನ್ನು ಬೊಟ್ಟು ಮಾಡಿ ತೋರಿಸಬೇಕು. ಅದನ್ನು ಅತ್ತೆಯ ಮುಂದೆ ಹಿಡಿದು, “ಯಾವ್ದು ಹೇಳತ್ತೆ” ಅಂದೆ.

ಅವಳು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ನಗುವ ಮುಖದ ಮೇಲೆ ಬೆರಳಿಟ್ಟಳು.

“ನೋವೇ ಇಲ್ವಾ ಅತ್ತೆ?”

“ಇದು ಚೆಂದಾಗೈತೆ ಕಣ್ಮಗಾ. ಮಿಕ್ಕವೆಲ್ಲ ಯಾಕಂಗೆ ಮಕ ಗಂಟು ಹಾಕ್ಕಂಡವೆ, ದಾರಿದ್ರ್ಯವು.”

ರೇವಣ್ಣ ಬಾವ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ನಗುತ್ತಲೇ ಬಾವನ ಕಡೆ ತಿರುಗಿ, “ರಾತ್ರಿ ನಿದ್ದೆ ಮಾಡ್ತಾಳಾ?” ಎಂದು ಕೇಳಿದೆ. “ಮಾಡ್ತಾಳೆ” ಅಂದ. “ಊಟ?” “ಉಣ್ತಾಳೆ.” ನಾನು ತಲೆಯಾಡಿಸಿದೆ. ಮಾರ್ಫೀನ್ ಮಾತು ಎತ್ತಿದೆ. “ಅದ್ಯಾಕಮ್ಮಿ ಅಫೀಮು? ಅಂಥಾದ್ದೇನಾಗೈತೆ ಈಗ?” ಎಂದ. ಬಂದ ಮೇಲೆ ನೋಡೋಣ ಎಂದು ಎದ್ದೆ.

ನ್ಯೂಯಾರ್ಕ್ ನಿಲ್ದಾಣ

ವಿಮಾನದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಪಕ್ಕದವರಿಗೆ ನಾನು ವೈದ್ಯೆ ಎಂದು ತಿಳಿದದ್ದೇ ತಪ್ಪಾಯಿತು. ಅವರು ಪ್ಯಾಂಟು ಮಡಿಚಿ ತೋರಿಸಿದ ಮಂಡಿ ಅಟ್ಲಾಂಟಿಕ್ ಸಾಗರ ಮುಗಿಯುವವರೆಗೂ ನನ್ನ ಕಣ್ಣೆದುರಿಗಿತ್ತು.

ವಲಸೆ ಅಧಿಕಾರಿ ಯಾಕೆ ಬಂದಿದ್ದೀರಿ ಎಂದು ಕೇಳಿದ. ನಿದ್ದೆಗೆಟ್ಟ ಬಾಯಲ್ಲಿ ಉದ್ದ ಉತ್ತರ ಬರಲಿಲ್ಲ. “ಮಾರ್ಫೀನ್, ಆಕ್ಸಿಕೊಡೋನ್, ಅಂಥವುಗಳಿಗಾಗಿ” ಎಂದುಬಿಟ್ಟೆ.

ಪಕ್ಕದ ಕೋಣೆಯಲ್ಲಿ ಕೂರಿಸಿದರು. ನನ್ನ ಚೀಲ ತೆಗೆದು ನೋಡಿದರೆ ಚನ್ನಪಟ್ಟಣದ ಗೊಂಬೆಗಳು. ಉಡುಗೊರೆಗೆಂದು ತಂದಿದ್ದೆ. ಕುಂಕುಮ ಬಣ್ಣದ, ಅರಿಶಿನ ಬಣ್ಣದ ಮರದ ಗಂಡ ಹೆಂಡಿರು ಮೇಜಿನ ಮೇಲೆ ನಿಂತು ಅಧಿಕಾರಿಗಳನ್ನು ನೋಡಿ ತಲೆಯಾಡಿಸಿದರು. ಒಬ್ಬ ಅಧಿಕಾರಿ ಒಂದು ಗೊಂಬೆಯ ತಲೆಯನ್ನು ಕಿವಿಯ ಬಳಿ ಅಲ್ಲಾಡಿಸಿ ಕೇಳಿದ. ಒಳಗೆ ಏನೂ ಇಲ್ಲ ಎಂದು ಅವನಿಗೆ ಮನವರಿಕೆ ಆಗಲು ಸುಮಾರು ಹೊತ್ತು ಹಿಡಿಯಿತು. ನನ್ನ ತಲೆಯ ಬಗ್ಗೆಯೂ ಅವನಿಗೆ ಅದೇ ಮನವರಿಕೆ ಆಗಿರಬೇಕು.

ಆಹ್ವಾನ ಪತ್ರ ಓದಿದ ಮೇಲೆ ಅವನು ನಕ್ಕ. “ಕೊಡುವುದನ್ನು ಕಲಿಸುತ್ತಾರೋ, ಕೊಡದಿರುವುದನ್ನೋ?” ಎಂದು ಕೇಳಿದ.

“ಹೋಗಿ ನೋಡಬೇಕು” ಅಂದೆ.

ಪಿಟ್ಸ್‌ಬರ್ಗ್, ಕುರ್ಚಿ

ಊರು ಗುಡ್ಡಗಳ ಮೇಲಿದೆ. ಎಲ್ಲಿ ನೋಡಿದರೂ ಸೇತುವೆ. ಗುಡ್ಡ ಎಂದ ಕೂಡಲೇ ನನಗೆ ರಾಮನಗರದ ಬಂಡೆಗಳೇ ಕಣ್ಣಿಗೆ ಬರುವುದರಿಂದ ಈ ಗುಡ್ಡಗಳು ಇನ್ನೂ ಪೂರ್ತಿ ಬೇಯದ ಹಾಗೆ ಕಂಡವು. ಮೇಲೆ ಹಿಮ ಬೇರೆ. ಹಿಮ ನೋಡಿದ್ದು ಅದೇ ಮೊದಲು. ಮೊದಲ ಗಂಟೆ ಸೊಗಸು, ಆಮೇಲೆ ಕೆಸರು.

ನಾನು ಉಳಿದುಕೊಂಡದ್ದು ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ತರಬೇತಿಗೆ ಬಂದವರಿಗೆ ಮೇಲಿನ ಕೋಣೆ ಕೊಡುತ್ತಿದ್ದರು. ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಮನೆಯ ಮುಂದೆ ರಸ್ತೆಯ ಬದಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಹಿಮದಲ್ಲಿ ಒಂಟಿಯಾಗಿ ನಿಂತಿತ್ತು. ಪಾಪ, ರಾತ್ರಿ ಒಳಗಿಡಲು ಮರೆತಿದ್ದಾರೆ ಎಂದು ನಾನೇ ಹೊತ್ತು ತಂದು, ಒರೆಸಿ, ಜಗಲಿಯಲ್ಲಿಟ್ಟೆ. ಉಪಕಾರ ಮಾಡಿದ ತೃಪ್ತಿಯಲ್ಲಿ ಟೀ ಕುಡಿಯುತ್ತಾ ಕುಳಿತೆ.

ಅಂಗಡಿಗೆ ಹೋಗಿದ್ದ ಮಾರ್ಗರೆಟ್ ಕಾರಿನಲ್ಲಿ ವಾಪಸು ಬಂದರೆ ಆ ಜಾಗದಲ್ಲಿ ಬೇರೆ ಯಾರದೋ ಕಾರು ನಿಂತಿತ್ತು.

“ನನ್ನ ಕುರ್ಚಿ ಎಲ್ಲಿ?” ಎಂದು ಅವರು ರಸ್ತೆಯಲ್ಲೇ ನಿಂತು ಕೂಗಿದರು. ಎದುರು ಮನೆಯವರು ಹೊರಗೆ ಬಂದರು. ಪಕ್ಕದ ಮನೆಯ ಮುದುಕ ಹಿಮ ಎತ್ತುವ ಸಲಿಕೆಯನ್ನು ಹಿಡಿದುಕೊಂಡೇ ಬಂದ. “ಕುರ್ಚಿ ತೆಗೆದವರು ಯಾರು? ನಲವತ್ತು ವರ್ಷದಲ್ಲಿ ಈ ಬೀದಿಯಲ್ಲಿ ಯಾರೂ ಕುರ್ಚಿ ಮುಟ್ಟಿಲ್ಲ!” ಎಂದ. ನಾನು ಟೀ ಲೋಟ ಹಿಡಿದು ಜಗಲಿಯಲ್ಲಿ ಕುರ್ಚಿಯ ಪಕ್ಕವೇ ನಿಂತಿದ್ದೆ.

ಅಲ್ಲಿನ ಪದ್ಧತಿ ಆಮೇಲೆ ತಿಳಿಯಿತು: ಯಾರು ತಮ್ಮ ಮನೆಯ ಮುಂದಿನ ಹಿಮವನ್ನು ಎತ್ತಿ ಹಾಕಿ ಜಾಗ ಮಾಡಿಕೊಂಡಿದ್ದಾರೋ ಆ ಜಾಗ ಅವರದು. ಕಾರು ತೆಗೆದು ಹೋಗುವಾಗ ಒಂದು ಕುರ್ಚಿ ಇಟ್ಟು ಹೋಗುತ್ತಾರೆ. ಅಷ್ಟೇ. ಕಾನೂನಿನಲ್ಲಿ ಇದಕ್ಕೆ ಬೆಲೆಯಿಲ್ಲವಂತೆ. ಬೀದಿಯಲ್ಲಿದೆ. ನಮ್ಮ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲವೇ, ಹಾಗೆ. ಆ ಟವೆಲ್ ಎತ್ತಿ ಕುಳಿತವರ ಗತಿ ಏನಾಗುತ್ತದೆ ಎಂದು ಗೊತ್ತಿದ್ದ ನಾನು ಮಾರ್ಗರೆಟ್‌ಗೆ ಕೈಮುಗಿದೆ. ಟವೆಲ್ಲಿನ ಕಥೆಯನ್ನೂ ಹೇಳಿದೆ. ಅವರು ಒಂದು ಕ್ಷಣ ನನ್ನನ್ನು ದಿಟ್ಟಿಸಿ, “ನಿಮ್ಮದು ನಾಗರಿಕ ದೇಶ” ಎಂದರು. ಅಂದಿನಿಂದ ನಾವು ಸ್ನೇಹಿತರಾದೆವು.

ಮೊದಲ ದಿನದ ಪಾಠ

ಸಭಾಂಗಣದಲ್ಲಿ ಪ್ರತಿ ಉಪನ್ಯಾಸಕರೂ ಮೊದಲು ತಮಗೆ ಯಾವ ಔಷಧ ಕಂಪನಿಯ ಹಂಗೂ ಇಲ್ಲ ಎಂದು ಪರದೆಯ ಮೇಲೆ ಬರೆದು ತೋರಿಸಿದರು. ನಮ್ಮ ಕಡೆ ಇದನ್ನು ಕಡ್ಡಾಯ ಮಾಡಿದರೆ ಎಷ್ಟೋ ಸಮ್ಮೇಳನಗಳಲ್ಲಿ ಮಧ್ಯಾಹ್ನದ ಊಟವೇ ಇರುವುದಿಲ್ಲ.

ಪಾಠ ಒಳ್ಳೆಯದೇ. ಆ ದೇಶದಲ್ಲಿ ಹಲ್ಲು ಕಿತ್ತರೂ, ಬೆನ್ನು ಉಳುಕಿದರೂ ಒಂದು ಕಾಲದಲ್ಲಿ ಈ ಮಾತ್ರೆಗಳನ್ನು ಧಾರಾಳವಾಗಿ ಕೊಟ್ಟರು. ಜನ ಅದಕ್ಕೆ ಅಂಟಿಕೊಂಡರು, ಸತ್ತರು. ಈಗ ‘ಬೇಡ’ ಎನ್ನುವುದನ್ನು ವೈದ್ಯರಿಗೆ ಮೊದಲಿನಿಂದ ಕಲಿಸುತ್ತಿದ್ದಾರೆ. ರೋಗಿಯ ಮನಸ್ಸು ನೋಯದಂತೆ ‘ಬೇಡ’ ಎನ್ನುವುದು ಹೇಗೆ. ಮೊದಲು ವ್ಯಾಯಾಮ, ಬಿಸಿ ಶಾಖ, ಬೇರೆ ಮಾತ್ರೆ. ಕೊಡಲೇಬೇಕಾದರೆ ಸ್ವಲ್ಪ ಕೊಟ್ಟು ಬೇಗ ಮತ್ತೆ ನೋಡುವುದು. ಮನೆಯಲ್ಲಿ ಬೀಗದ ಡಬ್ಬಿಯಲ್ಲಿಡಲು ಹೇಳುವುದು. ಮಿಕ್ಕ ಮಾತ್ರೆ ಹಾಕಲು ಔಷಧಿ ಅಂಗಡಿಯಲ್ಲಿ ಅಂಚೆ ಡಬ್ಬಿಯಂಥ ಪೆಟ್ಟಿಗೆಗಳಿವೆ. ನಮ್ಮಲ್ಲಿ ಮಾತ್ರೆ ಮಿಕ್ಕುವುದಿಲ್ಲ. ಒಂದು ಮನೆಯಲ್ಲಿ ಬೇಡವಾದದ್ದು ಪಕ್ಕದ ಮನೆಯವರ ಅದೇ ಥರದ ನೋವಿಗೆ ಹೋಗುತ್ತದೆ, ಅಲ್ಲಿಂದ ಅವರ ನಾದಿನಿಗೆ.

ಕೊನೆಗೆ ಪ್ರತಿಯೊಬ್ಬರಿಗೂ ನ್ಯಾಲಾಕ್ಸೋನ್ ಎಂಬ ಮೂಗಿಗೆ ಸಿಂಪಡಿಸುವ ಮದ್ದನ್ನು ಉಚಿತವಾಗಿ ಕೊಟ್ಟರು. ಮಾರ್ಫೀನ್ ಹೆಚ್ಚಾಗಿ ಉಸಿರು ನಿಲ್ಲುವಂತಾದರೆ ಇದು ಎಬ್ಬಿಸುತ್ತದೆ. ಚೀಲದಲ್ಲಿಟ್ಟುಕೊಂಡೆ. ಮದ್ದೇ ಸಿಗದ ಊರಿಗೆ ಪ್ರತಿಮದ್ದನ್ನು ಹೊತ್ತು ಹೊರಟವಳು ಬಹುಶಃ ನಾನೊಬ್ಬಳೇ.

ಬೇರೆ ದೇಶದಿಂದ ಬಂದವರು ತಮ್ಮ ಊರಿನ ಸ್ಥಿತಿ ಹೇಳಬೇಕು ಅಂದರು. ಎದ್ದು ನಿಂತೆ. ಮಾತ್ರೆ ಒಂದು ಬೀರುವಿನಲ್ಲಿದೆ, ಅದಕ್ಕೆ ಎರಡು ಬೀಗ, ಕೀಲಿಗಳು ಇಬ್ಬರ ಬಳಿ, ಅವರಲ್ಲೊಬ್ಬರು ಸಂಜೆ ಬೇರೆ ಊರಿಗೆ ಹೋಗಿಬಿಡುತ್ತಾರೆ ಎಂದೆ. ಇದು ನಮ್ಮ ಕಷ್ಟ ಎಂದು ಮುಂದುವರಿಸುವವಳಿದ್ದೆ. ಅಷ್ಟರಲ್ಲಿ ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು “ಅದ್ಭುತ ಸುರಕ್ಷತಾ ಮಾದರಿ” ಎಂದು ಬರೆದುಕೊಂಡರು. ನಾನು ಧನ್ಯವಾದ ಹೇಳಿ ಕುಳಿತೆ. ಚಪ್ಪಾಳೆ ತಟ್ಟುವವರಿಗೆ ಅಡ್ಡ ಬರುವಷ್ಟು ಇಂಗ್ಲಿಷು ನನಗೆ ಬೇಗ ಒದಗುವುದಿಲ್ಲ.

ಎರಡನೆಯ ದಿನ, ಸುಳ್ಳು ರೋಗಿ

ಅಲ್ಲಿ ರೋಗಿಯ ಪಾತ್ರ ಮಾಡುವವರೇ ಇದ್ದಾರೆ. ಅದೇ ಅವರ ಉದ್ಯೋಗ. ಒಂದು ಸಣ್ಣ ಕೋಣೆಯಲ್ಲಿ ಕಾಯುತ್ತಿರುತ್ತಾರೆ, ನಾವು ಒಬ್ಬೊಬ್ಬರಾಗಿ ಹೋಗಿ ಪರೀಕ್ಷಿಸಿ ಮದ್ದು ನಿರ್ಧರಿಸಬೇಕು. ಗಾಜಿನ ಹಿಂದಿನಿಂದ ನೋಡುವವರು ಅಂಕ ಹಾಕುತ್ತಾರೆ. ಆಮೇಲೆ ಸುಳ್ಳು ರೋಗಿಯೇ ನಮ್ಮ ಬಗ್ಗೆ ಅಭಿಪ್ರಾಯ ಹೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದನ್ನು ನಿಜ ರೋಗಿಗಳಿಗೆ ಬಿಟ್ಟುಕೊಡದಿರುವುದು ವೈದ್ಯರ ಪುಣ್ಯ.

ನನ್ನ ರೋಗಿ ಲಿಂಡಾ. ಐವತ್ತು ದಾಟಿದ ಹೆಂಗಸು. ಕ್ಯಾನ್ಸರ್ ಮೂಳೆಗೆ ಹೋಗಿದೆ ಎಂದು ಕಾಗದದಲ್ಲಿತ್ತು. ಪಕ್ಕದಲ್ಲಿ ಗಂಡನ ಪಾತ್ರದವನು ಕುಳಿತಿದ್ದ. ಲಿಂಡಾ ಎಷ್ಟು ಚೆನ್ನಾಗಿ ನಟಿಸುತ್ತಿದ್ದಳೆಂದರೆ, ಕುರ್ಚಿಯ ಅಂಚಿನಲ್ಲಿ, ನಿಜವಾಗಿ ಸೊಂಟ ನೋಯುವವರಂತೆ ಒಂದೇ ಮಗ್ಗುಲಿಗೆ ಭಾರ ಬಿಟ್ಟು ಕುಳಿತಿದ್ದಳು.

ನಾನು ಸಮಾಧಾನವಾಗಿ ಎಲ್ಲವನ್ನೂ ಕೇಳಿದೆ. ನೋವು ಯಾವಾಗಿನಿಂದ, ರಾತ್ರಿ ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ. ಉತ್ತರಗಳು ಸರಾಗವಾಗಿ ಬಂದವು. “ಅಷ್ಟೇನೂ ನೋವಿಲ್ಲ, ನಿಭಾಯಿಸುತ್ತಾಳೆ.” ಸರಿ, ಸದ್ಯಕ್ಕೆ ಬಲವಾದ ಮದ್ದು ಬೇಡ, ಮುಂದಿನ ವಾರ ನೋಡೋಣ ಎಂದೆ. ಹಿಂದಿನ ದಿನ ಕಲಿತಂತೆ, ಮನಸ್ಸು ನೋಯದ ಹಾಗೆ ಬೇಡ ಎಂದೆ. ನನಗೇ ನನ್ನ ಮೇಲೆ ಮೆಚ್ಚುಗೆ ಬಂತು.

ಆಟ ಮುಗಿಯಿತೆಂದು ಗಂಟೆ ಬಾರಿಸಿದ ಮೇಲೆ ಲಿಂಡಾ ನೆಟ್ಟಗೆ ಕುಳಿತು, “ನಿಮ್ಮ ದನಿ ತುಂಬಾ ಮೃದು” ಎಂದಳು.

“ಧನ್ಯವಾದ.”

“ನೀವು ಕಾಳಜಿಯಿಂದ ಕೇಳಿದಿರಿ. ಆದರೆ ಕೇಳಿದ್ದೆಲ್ಲ ಇವರನ್ನು” ಎಂದು ಗಂಡನ ಪಾತ್ರದವನ ಕಡೆ ಕೈ ತೋರಿಸಿದಳು. “ನಾನು ಇಲ್ಲೇ ಕುಳಿತಿದ್ದೆ, ಡಾಕ್ಟರ್. ನೋವು ನನ್ನದು.”

ಹಾಗಿರಲಿಕ್ಕಿಲ್ಲ ಎಂದುಕೊಂಡೆ. ಮೊದಲೇ ಹೇಳಿದೆನಲ್ಲ, ನೆನಪು ನಂಬಲಾಗದ್ದು, ಅವಳದೂ ಹಾಗೇ ಇರಬಹುದು. ಆದರೆ ಅಲ್ಲಿ ಎಲ್ಲವನ್ನೂ ವಿಡಿಯೋ ಮಾಡುತ್ತಾರೆ. ಗಾಜಿನ ಹಿಂದೆ ಕೂರಿಸಿ ನನಗೇ ತೋರಿಸಿದರು. ಪರದೆಯ ಮೇಲೆ ಒಬ್ಬ ಹೆಂಗಸು ಕೋಣೆಗೆ ಬರುತ್ತಾಳೆ, ರೋಗಿಯನ್ನು ನೋಡಿ ನಗುತ್ತಾಳೆ, ಆಮೇಲೆ ಗಂಡಸಿನ ಕಡೆ ತಿರುಗುತ್ತಾಳೆ, ಕೊನೆಯವರೆಗೂ ತಿರುಗಿಯೇ ಇರುತ್ತಾಳೆ. ರೋಗಿ ಎರಡು ಸಲ ಬಾಯಿ ತೆರೆಯುತ್ತಾಳೆ. ಆ ಹೆಂಗಸು ನೋಡುವುದಿಲ್ಲ.

ಅಂಕ ಹಾಕುವವರಿಗೆ ಇದು ಹೊಸದು. ಇಷ್ಟು ಜನ ವೈದ್ಯರಲ್ಲಿ ಈ ತಪ್ಪು ಮಾಡಿದವಳು ನಾನೊಬ್ಬಳೇ ಅಂತೆ. “ಯಾಕೆ ಹಾಗೆ ಮಾಡಿದಿರಿ?” ಎಂದು ನಿಜವಾದ ಕುತೂಹಲದಿಂದ ಕೇಳಿದರು. ನಮ್ಮ ಒಪಿಡಿಯಲ್ಲಿ ರೋಗಿ ಒಬ್ಬಳೇ ಬರುವುದಿಲ್ಲ ಎಂದು ಹೇಳಲು ನೋಡಿದೆ. ಮಗ ಬರುತ್ತಾನೆ, ಗಂಡ, ಭಾಮೈದ, ಸ್ಕೂಟರ್ ಓಡಿಸಿಕೊಂಡು ಬಂದವನು. ಚನ್ನಪಟ್ಟಣದ ರೇಷ್ಮೆ ನೂಲುವವರ ಮನೆಯ ಅಮ್ಮನಾಗಲಿ, ಕನಕಪುರದ ಕಡೆಯ ಗೌಡರ ಮನೆಯ ಸೊಸೆಯಾಗಲಿ, ಏನಾಗಿದೆ ಎಂದು ಕೇಳಿದರೆ ಪಕ್ಕದಲ್ಲಿರುವವರ ಮುಖ ನೋಡುತ್ತಾರೆ. ಪಕ್ಕದವರು ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಜನ ಜಾಸ್ತಿ, ಹೊತ್ತು ಕಡಿಮೆ, ಪಕ್ಕದವರು ಬೇಗ ಹೇಳುತ್ತಾರೆ. ಇಷ್ಟನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಮುಂದಿನ ವೈದ್ಯರ ಸರದಿ ಬಂತು. ನನಗೆ ಇನ್ನೊಮ್ಮೆ ಮಾಡಲು ಅವಕಾಶ ಕೊಟ್ಟರು. ಎರಡನೆಯ ಸಲ ಗಂಡನನ್ನು ಕಣ್ಣೆತ್ತಿಯೂ ನೋಡದೆ ಪಾಸಾದೆ. ಅವನು ಮುನಿಸಿಕೊಂಡಂತೆ ಕಂಡ.

ಮಾರ್ಗರೆಟ್‌ರ ಅಡುಗೆಮನೆ

ಆ ಊರಿನವರು ಎದುರಾದವರನ್ನೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ. ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಮೊದಲು ನಾನು ನಿಂತು ಹೇಳುತ್ತಿದ್ದೆ, ಕೇಳಿದವರು ಆಗಲೇ ಬೀದಿಯ ಕೊನೆ ಮುಟ್ಟಿರುತ್ತಿದ್ದರು. ನಮ್ಮವರು ಊಟ ಆಯ್ತಾ ಎಂದು ಕೇಳುವುದೂ ಹೀಗೆಯೇ. ಇಲ್ಲ ಎಂದವರನ್ನು ನಾನು ಕಂಡಿಲ್ಲ.

ಮಾರ್ಗರೆಟ್ ಮಾತ್ರ ಕೇಳಿದರೆ ನಿಲ್ಲುತ್ತಿದ್ದರು. ಹೊರಡುವ ಹಿಂದಿನ ದಿನ ಬೆಳಗ್ಗೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ತರಬೇತಿ ಹೇಗಾಯಿತು ಎಂದು ಕೇಳಿದರು. ನಾನು ಲಿಂಡಾಳ ಕಥೆಯನ್ನು ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ.

“ನನ್ನ ಮಗ ಮಂಡಿಗೆ ಆಪರೇಷನ್ ಮಾಡಿಸಿಕೊಂಡಿದ್ದ” ಎಂದರು. “ಅವನಿಗೆ ನೋವೇನು ಎಂದು ಚೆನ್ನಾಗಿ ಕೇಳಿದರು. ಪ್ರತಿ ಸಲವೂ ಕೇಳಿದರು. ಅವನು ಹೇಳಿದ, ಅವರು ಕೊಟ್ಟರು. ಮಂಡಿ ವಾಸಿಯಾದ ಮೇಲೂ ಅವನು ಹೇಳಿದ, ಅವರು ಕೊಟ್ಟರು.”

ಮುಂದಿನದನ್ನು ಅವರು ಹೇಳಿದರೋ, ನಾನೇ ಅರ್ಥ ಮಾಡಿಕೊಂಡೆನೋ ನೆನಪಿಲ್ಲ. ನಾನು ಮಲಗುತ್ತಿದ್ದ ಮೇಲಿನ ಕೋಣೆ ಅವನದು. ತರಬೇತಿಗೆ ಬರುವ ವೈದ್ಯರಿಗೇ ಅದನ್ನು ಅವರು ಕೊಡುತ್ತಿದ್ದದ್ದು ಯಾಕೆ ಎಂದು ಆಗ ತಿಳಿಯಿತು. ಅಲ್ಲಿಯವರೆಗೆ ನಾನು ಆ ಸಭೆಯ ಹೆದರಿಕೆಯನ್ನು ಒಳಗೊಳಗೇ ಗೇಲಿ ಮಾಡುತ್ತಿದ್ದೆ. ಆ ಅಡುಗೆಮನೆಯಲ್ಲಿ ಅದು ಸಾಧ್ಯವಾಗಲಿಲ್ಲ.

“ನಿಮ್ಮ ಊರಿನಲ್ಲಿ ಈ ಮಾತ್ರೆ ಕೊಡುವುದೇ ಇಲ್ಲವಂತೆ, ಹೌದೇ?” ಎಂದು ಕೇಳಿದರು.

“ಹೆಚ್ಚುಕಡಿಮೆ ಇಲ್ಲ.”

“ಪುಣ್ಯವಂತರು ನೀವು” ಎಂದು ನನ್ನ ಕೈ ಅದುಮಿದರು.

ಅತ್ತೆಯ ಸೆರಗಿನ ತುದಿ ಕಣ್ಣ ಮುಂದೆ ಬಂತು. ಹೇಳಲಿಲ್ಲ. ಚೀಲದಿಂದ ಚನ್ನಪಟ್ಟಣದ ಗೊಂಬೆ ತೆಗೆದು ಕೊಟ್ಟೆ. ಅವರು ಅದನ್ನು ಕಿಟಕಿಯಲ್ಲಿಟ್ಟು ತಲೆ ತಟ್ಟಿದರು. ಅದು ನಗುತ್ತಾ ತಲೆಯಾಡಿಸಿತು. ನಮ್ಮ ಗೊಂಬೆಗಳಿಗೆ ಯಾರೂ ಅಳುವ ಮುಖ ಬರೆಯುವುದಿಲ್ಲ.

ದೇವನಹಳ್ಳಿ

ವಾಪಸು ಬಂದಾಗ ಕಸ್ಟಮ್ಸಿನವರು ಮೂಗಿನ ಮದ್ದಿನ ಡಬ್ಬಿಗಳನ್ನು ಎತ್ತಿ ನೋಡಿದರು.

“ಏನ್ ಮೇಡಂ ಇದು?”

“ಮಾರ್ಫೀನ್ ಜಾಸ್ತಿಯಾದರೆ ಇದನ್ನು ಕೊಡಬೇಕು.”

“ಮಾರ್ಫೀನ್ ಎಲ್ಲಿ?”

“ನನ್ನತ್ರ ಇಲ್ಲ.”

“ಮತ್ತೆ ಜಾಸ್ತಿ ಯಾರಿಗಾಗತ್ತೆ?”

ಇಷ್ಟು ಸರಿಯಾದ ಪ್ರಶ್ನೆಯನ್ನು ಪಿಟ್ಸ್‌ಬರ್ಗಿನಲ್ಲಿ ಯಾರೂ ಕೇಳಿರಲಿಲ್ಲ. “ಅದಕ್ಕೇ ಪ್ರಯತ್ನ ಮಾಡ್ತಿದೀವಿ” ಅಂದೆ. ಅವರು ಬೇಜಾರಿನಿಂದ ಕೈಬೀಸಿ ಕಳಿಸಿದರು.

ಮತ್ತೆ ರಾಮನಗರ, ಮತ್ತೆ ಕುದೂರು

ಸರ್ಟಿಫಿಕೇಟಿಗೆ ಫ್ರೇಮ್ ಬಂತು. ಬೀರುವಿನ ಮೇಲಿನ ಗೋಡೆಯಲ್ಲಿ ಅದನ್ನು ತೂಗುಹಾಕಿ ಫೋಟೋ ತೆಗೆಸಿದರು. ಫೋಟೋ ತೆಗೆಯುವ ಸಂತೋಷದಲ್ಲಿದ್ದ ಆಡಳಿತಾಧಿಕಾರಿಗಳ ಹತ್ತಿರ ಎರಡನೆಯ ಕೀಲಿ ಕೇಳಿದೆ. “ಅಲ್ಲಿ ಹಾಗೇನಾ ಪದ್ಧತಿ?” ಅಂದರು. “ಹೂಂ ಸರ್, ತರಬೇತಿ ಆದವರ ಬಳಿಯೇ ಇರಬೇಕು” ಅಂದೆ. ಹಾಗೆಂದು ಯಾರೂ ಹೇಳಿದ ನೆನಪು ನನಗಿಲ್ಲ. ನೆನಪನ್ನು ನಂಬದಿರುವುದರ ಲಾಭ ಅದೊಂದೇ ಸಲ ಪಡೆದೆ. ಕೀಲಿ ಕೈಗೆ ಬಂತು.

ಅತ್ತೆಗೆ ಬೇಕಾದ ಮಾತ್ರೆಯನ್ನು ಕ್ರಮವಾಗಿ ಬರೆದು, ಕ್ರಮವಾಗಿ ತೆಗೆಸಿಕೊಂಡು, ಭಾನುವಾರ ಕುದೂರಿನ ಬಸ್ಸು ಹತ್ತಿದೆ.

ರೇವಣ್ಣ ಬಾವ ಅಂಗಳದಲ್ಲಿ ಕುರಿಯ ಗೊರಸು ನೋಡುತ್ತಿದ್ದ. “ಅಲ್ಲಿ ಮಳೆ ಬೆಳೆ ಹೆಂಗಮ್ಮಿ?” ಎಂದ.

“ಹಿಮ ಬಾವ. ಜಾಗ ಹಿಡಿಯೋಕೆ ರಸ್ತೇಲಿ ಕುರ್ಚಿ ಹಾಕ್ತಾರೆ.”

“ಹಂಗಾರೆ ನಮ್ಮೋರೇ.” ಮಾತ್ರೆ ತಂದಿದ್ದೇನೆ ಎಂದು ಹೇಳಿದ ಕೂಡಲೇ ಅವನ ನಗು ಹೋಯಿತು. ಕುರಿಯ ಕಾಲನ್ನು ಕೆಳಗೆ ಬಿಟ್ಟ.

“ಅವ್ವಂಗೆ ಅಂಥಾ ನೋವಿಲ್ಲ ಅಂತ ಹೇಳ್ಲಿಲ್ವಾ?”

“ನೀನು ಹೇಳ್ದೆ. ಅತ್ತೆ ಹೇಳ್ಳಿಲ್ಲ.”

“ನಾ ಬೇರೆ, ಅವ್ವ ಬೇರೆನಾ?”

“ಸೆರಗು ನೋಡಿದೀಯಾ ಬಾವ? ಕಚ್ಚಿ ಕಚ್ಚಿ ಬಲೆ ಆಗೈತೆ. ಈ ಕುರಿಗೆ ನೋವಾದ್ರೆ ಅರಚ್ತದೆ, ನೀನು ಓಡ್ಬತ್ತೀಯ. ಅತ್ತೆ ಅರಚಲ್ಲ.”

ಅವನು ಕೈಗಂಟಿದ ಮಣ್ಣನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಹೇಳಿದ ಮಾತನ್ನು ನಾನು ಬಸ್ಸಿನಲ್ಲೇ ಬರೆದುಕೊಂಡೆ, ಅದಕ್ಕೆ ಉಪ್ಪು ಖಾರ ಬೀಳದಿರಲಿ ಎಂದು. “ಅದು ಕೊನೇ ಮದ್ದು ಅಂತಾರೆ ಕಣಮ್ಮಿ. ಅದ ಕೊಟ್ಬುಟ್ರೆ ಇನ್ನು ಮುಗೀತು ಅಂತ ನಾನೇ ಒಪ್ಕೊಂಡಂಗೆ. ಅವ್ವ ಇನ್ನೂ ಕುಂತವಳೆ. ಉಣ್ತಾಳೆ, ಬೈತಾಳೆ. ಅದ ನುಂಗಿ ಮಂಕಾಗಿ ನನ್ನೇ ಯಾರ್ಲಾ ನೀನು ಅಂದ್ರೆ?”

ಹಾಗಾಗುವುದಿಲ್ಲ, ಸಣ್ಣ ಪ್ರಮಾಣದಿಂದ ಶುರು ಮಾಡುತ್ತೇನೆ, ಮೊದಲೆರಡು ದಿನ ಮಂಪರಾಗಬಹುದು, ಮಲಬದ್ಧತೆಗೂ ಮಾತ್ರೆ ತಂದಿದ್ದೇನೆ, ಸಾವು ಹತ್ತಿರವಿದೆ ಎಂದು ಕೊಡುವ ಮದ್ದಲ್ಲ, ನೋವಿದೆ ಎಂದು ಕೊಡುವುದು ಎಂದು ಹೇಳಿದೆ. ಧೈರ್ಯಕ್ಕೆಂದು ಮೂಗಿನ ಮದ್ದನ್ನೂ ತೋರಿಸಿದೆ. “ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇದನ್ನ ಮೂಗಿಗೆ ಬಿಡು, ನಂಗೆ ಫೋನ್ ಮಾಡು.”

ಅವನು ಆ ಡಬ್ಬಿಯನ್ನು ತಿರುವಿ ನೋಡಿ ಜೇಬಿಗೆ ಹಾಕಿಕೊಂಡ. “ಇದಿರ್ಲಿ. ಅದು ಬ್ಯಾಡ.”

“ಅದಿಲ್ದೆ ಇದ್ಯಾಕೆ ಬಾವ?”

ಅವನಿಗೂ ನಗು ಬಂತು, ಆದರೂ ಜೇಬಿನಿಂದ ತೆಗೆಯಲಿಲ್ಲ. “ಸರಿ. ಒಂದು ಮಾತು. ಅವ್ವನೇ ಬಾಯ್ಬುಟ್ಟು ನೋವೈತೆ ಅನ್ಲಿ. ನಾನು ಅಡ್ಡ ಬರಕಿಲ್ಲ. ನಾ ಇಲ್ಲೇ ಇರ್ತೀನಿ, ನೀನೇ ಹೋಗಿ ಕೇಳು” ಎಂದು ಕುರಿಗಳ ಕಡೆ ತಿರುಗಿದ.

ಒಳಗೆ ಅತ್ತೆ ಹಾಗೆಯೇ ಗೋಡೆಗೆ ಒರಗಿದ್ದಳು. ಬೇರೆ ಸೀರೆ, ಅದರ ಸೆರಗೂ ಹಾಗೆಯೇ ಆಗಿತ್ತು. “ಬಂದ್ಯಾ ಮಗಾ, ಉಂಡ್ಯಾ?” ಅಂದಳು. ಉಂಡೆ ಅಂದೆ. ಉಂಡಿರಲಿಲ್ಲ. ಮಂಚದ ಅಂಚಿನಲ್ಲಿ ಅವಳಿಗೆ ಎದುರಾಗಿ ಕುಳಿತೆ.

“ಅಲ್ಲಿ ಜನಕ್ಕೂ ನೋವು ಗೀವು ಐತಾ?” ಎಂದು ಅವಳೇ ಕೇಳಿದಳು.

“ಐತೆ ಅತ್ತೆ. ಅವ್ರು ಹೇಳ್ಕತ್ತಾರೆ.”

“ಯಾರ್ಗೇಳ್ಕತ್ತಾರೆ?”

“ಡಾಕ್ಟ್ರಿಗೆ.”

“ಗುರ್ತಿಲ್ದೋರ್ಗೇನಾ!” ಅತ್ತೆ ನಕ್ಕಳು. ನಗು ಅರ್ಧಕ್ಕೆ ನಿಂತಿತು, ಕೈ ಸೆರಗಿಗೆ ಹೋಯಿತು. ಕೈ ತಡೆದುಕೊಂಡು ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಅವನು ಬರಲಿ, ಬಂದು ಹೇಳಲಿ ಎಂದು ಕಾಯುವ ನೋಟ ಅದು. ಆ ನೋಟವನ್ನು ನಾನು ದಿನಾ ಒಪಿಡಿಯಲ್ಲಿ ನೋಡುತ್ತೇನೆ. ನೋಡಿದ ಕೂಡಲೇ ನಾನೂ ಬಾಗಿಲ ಕಡೆಗೇ ತಿರುಗುತ್ತೇನೆ. ಈ ಸಲ ತಿರುಗಲಿಲ್ಲ. ಮಾತ್ರೆಯ ಬಾಟಲಿ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಕೈ ಹಿಡಿದೆ.

“ಬಾವ ಹೊರಗವನೆ. ಅವ್ನು ಹೇಳಾಕಿಲ್ಲ, ನಾನೊಬ್ಳೇ ಇದೀನಿ. ನೀನೇ ಹೇಳತ್ತೆ, ನಿಂಗೆ ಎಷ್ಟು ನೋವೈತೆ?”